ತಾಯಿಯ ನೆಪ, ಮಗನ ಕಾರಣ: ಇಂಗ್ಲೆಂಡಿನಿಂದ ಹಾಸನಕ್ಕೆ ಮರಳಿದ ಒಂದು ಕುಟುಂಬದ ಪ್ರಕರಣ

ಹೊರದೇಶದಿಂದ ಮರಳಿದವರನ್ನು ಯಾಕೆ ಬಂದಿರಿ ಎಂದು ಕೇಳಿದರೆ ಸಾಮಾನ್ಯವಾಗಿ ಬರುವ ಉತ್ತರ, ‘ಅಪ್ಪ ಅಮ್ಮನಿಗೆ ವಯಸ್ಸಾಯಿತು’ ಎಂಬುದು. ಉತ್ತರ ಸುಳ್ಳಲ್ಲ, ಆದರೆ ಸಾಲದು. ಹಾಸನದಲ್ಲಿ ವಯಸ್ಸಾದವರ ಆರೈಕೆಯ ಬಗ್ಗೆ ಕುಟುಂಬಗಳಿಗೆ ಸಲಹೆ ಕೊಡುವ ನನಗೆ ಈ ಮಾತು ಪೂರ್ತಿ ಅರ್ಥವಾದದ್ದು ಇಲ್ಲಿ ಬರೆದಿರುವ ಪ್ರಕರಣದಿಂದ. ಕುಟುಂಬದವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಯಾರ ಹೆಸರನ್ನೂ ಹೇಳಿಲ್ಲ, ಗುರುತು ಹತ್ತುವ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಹಿನ್ನೆಲೆ

ಸಕಲೇಶಪುರ ತಾಲ್ಲೂಕಿನ ಒಂದು ಹಳ್ಳಿ. ಹತ್ತು ಎಕರೆಗಿಂತ ತುಸು ಹೆಚ್ಚು ಕಾಫಿ ತೋಟ; ಬಹುಪಾಲು ರೋಬಸ್ಟಾ, ಮೇಲಿನ ತಾಕಿನಲ್ಲಿ ಸ್ವಲ್ಪ ಅರೇಬಿಕಾ, ಸಿಲ್ವರ್ ಮರಗಳಿಗೆ ಹಬ್ಬಿಸಿದ ಮೆಣಸು. ಮೂವರು ಮಕ್ಕಳು. ಹಿರಿಯ ಮಗ ಬೆಂಗಳೂರಿನಲ್ಲಿ ವ್ಯಾಪಾರಿ. ಮಗಳು ಹಾಸನದಲ್ಲಿ ಶಾಲಾ ಶಿಕ್ಷಕಿ. ಕಿರಿಯ ಮಗ ಹಾಸನದಲ್ಲೇ ಎಂಜಿನಿಯರಿಂಗ್ ಓದಿದವನು.

ವಿದೇಶದ ದಾರಿ ತೆರೆದವಳು ಕಿರಿಯ ಸೊಸೆ. ಚಿಕ್ಕಮಗಳೂರು ಜಿಲ್ಲೆಯ ಈ ಹೆಣ್ಣುಮಗಳು ನರ್ಸಿಂಗ್ ಓದಿ, ಇಂಗ್ಲಿಷ್ ಪರೀಕ್ಷೆ ಮುಗಿಸಿ, 2015ರಲ್ಲಿ ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಯೊಂದಕ್ಕೆ ನೇಮಕವಾದಳು. ಗಂಡ ಮತ್ತು ಮೂರು ವರ್ಷದ ಮಗಳು ಅವಳ ಅವಲಂಬಿತರಾಗಿ ಹೋದರು. ವರ್ಷದೊಳಗೆ ಗಂಡನಿಗೂ ಯಂತ್ರಗಳ ವಿನ್ಯಾಸದ ಕೆಲಸ ಸಿಕ್ಕಿತು. ಐದು ವರ್ಷ ತುಂಬಿದ ಮೇಲೆ, 2020ರಲ್ಲಿ, ಮೂವರಿಗೂ ಅಲ್ಲಿ ಕಾಲಮಿತಿಯಿಲ್ಲದೆ ನೆಲೆಸುವ ಅನುಮತಿ ದೊರೆಯಿತು.

ಅಷ್ಟರಲ್ಲಿ ಊರಿನ ಮನೆಯ ಚಿತ್ರ ಬದಲಾಗಿತ್ತು. 2019ರಲ್ಲಿ ತಂದೆ ತೀರಿಕೊಂಡರು. ಮರುವರ್ಷ ಮಾರ್ಚ್‌ನಲ್ಲಿ ಕೊರೋನಾದಿಂದ ಅಂತರರಾಷ್ಟ್ರೀಯ ವಿಮಾನಗಳು ನಿಂತವು. ತಾಯಿ ದೊಡ್ಡ ಮನೆಯಲ್ಲಿ ಒಬ್ಬರೇ. ತೋಟದ ಲೆಕ್ಕ, ಆಳುಗಳನ್ನು ನೋಡಿಕೊಳ್ಳಲು ಹಳೆಯ ರೈಟರ್, ಮನೆಗೆ ಹಗಲು ಬಂದು ಹೋಗುವ ಒಬ್ಬ ಹೆಂಗಸು. ಪಹಣಿ ಇನ್ನೂ ತೀರಿಕೊಂಡ ಯಜಮಾನರ ಹೆಸರಿನಲ್ಲೇ ಇತ್ತು. ಅದನ್ನು ವಾರಸುದಾರರ ಹೆಸರಿಗೆ ಬದಲಿಸುವ ಪೌತಿ ಖಾತೆ ಮಾಡಿಸಲು ಯಾರಿಗೂ ಬಿಡುವಾಗಿರಲಿಲ್ಲ.

ಸಮಸ್ಯೆ

2021ರ ಮಳೆಗಾಲದಲ್ಲಿ ತಾಯಿ ಹಿತ್ತಲಿನ ಪಾಚಿಗಟ್ಟಿದ ಕಲ್ಲಿನ ಮೇಲೆ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ರೈಟರ್ ಜೀಪಿನಲ್ಲಿ ಮಲಗಿಸಿಕೊಂಡು ಸಕಲೇಶಪುರಕ್ಕೂ ಅಲ್ಲಿಂದ ಹಾಸನಕ್ಕೂ ಕರೆದೊಯ್ದ. ಶಸ್ತ್ರಚಿಕಿತ್ಸೆಗೆ ಸಹಿ ಹಾಕಿದವಳು ಮಗಳು. ಮುಂದಿನ ಮೂರು ತಿಂಗಳು ಶಾಲೆ, ತನ್ನ ಮನೆ, ತಾಯಿಯ ಹಾಸಿಗೆ ಎಲ್ಲವನ್ನೂ ನಿಭಾಯಿಸಿದವಳೂ ಅವಳೇ. ಇಂಗ್ಲೆಂಡಿನಲ್ಲಿದ್ದ ತಮ್ಮ ಹಣ ಕಳುಹಿಸಿದ, ದಿನಕ್ಕೆ ಎರಡು ಬಾರಿ ಕರೆ ಮಾಡಿದ, ರಾತ್ರಿ ನಿದ್ದೆಗೆಟ್ಟ.

‘ಬಂದುಬಿಡೋಣ’ ಎಂಬ ಮಾತು ಆ ಮನೆಯಲ್ಲಿ ಹುಟ್ಟಿದ್ದು ಆಗಲೇ. ಅದರ ಬೆನ್ನಿಗೇ ‘ಇನ್ನೊಂದು ವರ್ಷ’ ಎಂಬ ಮಾತೂ ಹುಟ್ಟಿತು. ನೆಲೆಸುವ ಅನುಮತಿ ಸಿಕ್ಕ ಹನ್ನೆರಡು ತಿಂಗಳಿಗೆ ಬ್ರಿಟಿಷ್ ಪೌರತ್ವಕ್ಕೆ ಅರ್ಜಿ ಹಾಕಬಹುದು. ಅದೊಂದು ಆಗಲಿ ಎಂದುಕೊಂಡರು. ಅಲ್ಲಿನ ಸರ್ಕಾರಿ ಪಿಂಚಣಿಯಲ್ಲಿ ಏನಾದರೂ ಕೈಗೆ ಬರಬೇಕಾದರೆ ಕನಿಷ್ಠ 10 ವರ್ಷಗಳ ವಂತಿಗೆ ಇರಬೇಕು. ಅದೂ ತುಂಬಲಿ ಎಂದುಕೊಂಡರು. ಮನೆ ಸಾಲ ಇನ್ನಷ್ಟು ತೀರಲಿ. ಒಂದು ಗಡುವು ಮುಗಿಯುವ ಮೊದಲೇ ಇನ್ನೊಂದು ಎದುರಿಗೆ ನಿಲ್ಲುತ್ತಿತ್ತು.

ಮಾಡಿ ನೋಡಿದ್ದು

ಮೊದಲು ಬಂದದ್ದು ಕ್ಯಾಮೆರಾ. ಜಗಲಿಯಲ್ಲಿ ಒಂದು, ನಡುಮನೆಯಲ್ಲಿ ಒಂದು, ಹಿತ್ತಲ ಬಾಗಿಲಿಗೆ ಒಂದು. ಮಗ ಕಚೇರಿಯಿಂದಲೇ ಮೊಬೈಲ್‌ನಲ್ಲಿ ಅವ್ವ ಓಡಾಡುವುದನ್ನು ನೋಡುತ್ತಿದ್ದ. ಸ್ವಲ್ಪ ದಿನಗಳಲ್ಲಿ ನಡುಮನೆಯ ಕ್ಯಾಮೆರಾ ಕತ್ತಲಾಯಿತು. ಕೆಟ್ಟಿದೆಯೆಂದು ಅಕ್ಕ ಹೋಗಿ ನೋಡಿದರೆ ತಾಯಿ ಅದರ ಮೇಲೆ ಸ್ನಾನದ ಟವೆಲ್ ಹೊದಿಸಿದ್ದರು. ಕೇಳಿದ್ದಕ್ಕೆ, ‘ನಾನು ಬೀಳುವುದನ್ನು ಅವನು ಅಲ್ಲಿಂದ ನೋಡಿ ಏನು ಮಾಡುತ್ತಾನೆ? ಸುಮ್ಮನೆ ಅವನ ಹೊಟ್ಟೆ ಉರಿಯುತ್ತದೆ’ ಎಂದರು. ಆ ಟವೆಲ್ಲನ್ನು ತೆಗೆಯುವ ಧೈರ್ಯ ಯಾರಿಗೂ ಆಗಲಿಲ್ಲ.

2022ರ ಬೇಸಿಗೆಯಲ್ಲಿ ತಾಯಿಯನ್ನು ಸಂದರ್ಶಕ ವೀಸಾದ ಮೇಲೆ ಕರೆಸಿಕೊಂಡರು. ಆರು ತಿಂಗಳು ಇರಬಹುದಿತ್ತು, ಮೂರಕ್ಕೇ ಹೊರಟು ನಿಂತರು. ಹಗಲೆಲ್ಲ ಮನೆಯಲ್ಲಿ ಒಬ್ಬರೇ. ಊರಿನಲ್ಲಾದರೆ ಆಳುಕಾಳು, ಬೆಕ್ಕು ನಾಯಿ, ಆಚೆಮನೆಯವರು. ಇಲ್ಲಿ ಮಾತನಾಡಲು ಸಂಜೆ ಐದರವರೆಗೆ ಕಾಯಬೇಕು ಎಂದು ಮಗಳಿಗೆ ಫೋನಿನಲ್ಲಿ ಹೇಳಿದ್ದರಂತೆ.

ಶಾಶ್ವತವಾಗಿ ಕರೆಸಿಕೊಳ್ಳಲು ದಾರಿಯಿದೆಯೇ ಎಂದು ಮಗ ವಕೀಲರನ್ನು ಕೇಳಿದ. ಬ್ರಿಟನ್ 2012ರ ಜುಲೈನಲ್ಲಿ ಈ ನಿಯಮವನ್ನು ಬಹಳ ಬಿಗಿ ಮಾಡಿದೆ. ವಯಸ್ಸು ಅಥವಾ ಕಾಯಿಲೆಯಿಂದಾಗಿ ನಿತ್ಯದ ಕೆಲಸಗಳಿಗೂ ದೀರ್ಘಕಾಲ ಇನ್ನೊಬ್ಬರ ನೆರವು ಬೇಕಾಗಿರಬೇಕು. ಅಲ್ಲಿರುವ ಮಕ್ಕಳು ಹಣ ಕೊಟ್ಟರೂ ಆ ನೆರವು ಸ್ವಂತ ದೇಶದಲ್ಲಿ ಸಿಗುವಂತಿರಬಾರದು. ಅಂದರೆ ಮಗ ಕಳುಹಿಸುವ ಹಣದಲ್ಲಿ ಊರಿನಲ್ಲಿ ಆರೈಕೆಗೆ ಜನ ಸಿಗುತ್ತಾರೆ ಎಂಬುದೇ ತಾಯಿಗೆ ಬಾಗಿಲು ಮುಚ್ಚುತ್ತದೆ. ಹೊರಗೆ ನೆಲೆಸಿರುವ ಎಷ್ಟೋ ಮಕ್ಕಳು ‘ಬೇಕಾದರೆ ಕರೆಸಿಕೊಳ್ಳೋಣ’ ಎಂಬ ನಂಬಿಕೆಯಲ್ಲಿ ವರ್ಷಗಳನ್ನು ಕಳೆಯುತ್ತಾರೆ. ಆ ನಂಬಿಕೆಗೆ ಕಾನೂನಿನ ಆಧಾರವಿದೆಯೇ ಎಂಬುದನ್ನು ಮೊದಲ ವರ್ಷವೇ ಪರೀಕ್ಷಿಸಬೇಕು.

ಬೆಂಗಳೂರಿನ ಹಿರಿಯ ಮಗನ ಫ್ಲ್ಯಾಟ್‌ನಲ್ಲಿ ಇರಿಸುವ ಪ್ರಯತ್ನವೂ ನಡೆಯಿತು. ಅದು ನಿಲ್ಲಲಿಲ್ಲ. ತಾಯಿ ದಸರೆಗೆಂದು ಊರಿಗೆ ಬಂದವರು ಹಿಂದಿರುಗಲಿಲ್ಲ.

ತಿರುವು

ನಾನು ಈ ಕುಟುಂಬಕ್ಕೆ ಪರಿಚಯವಾದದ್ದು ಆಗ, ಕರೆದವಳು ಅಕ್ಕ. ತಮ್ಮ ರಜೆಗೆ ಬಂದಿದ್ದ, ಅಣ್ಣನೂ ಬಂದಿದ್ದ. ಜಗಲಿಯಲ್ಲಿ ಎಲ್ಲರೂ ಕುಳಿತಾಗ ತಮ್ಮ, ‘ನಾವು ಅವ್ವನಿಗಾಗಿ ಎಲ್ಲ ಬಿಟ್ಟು ಬರುತ್ತಿದ್ದೇವೆ’ ಎಂದು ಮಾತು ಆರಂಭಿಸಿದ. ಅಕ್ಕನಿಗೆ ತಡೆಯಲಾಗಲಿಲ್ಲ. ‘ಇಷ್ಟು ವರ್ಷ ಅವ್ವನಿಗಾಗಿ ಏನೂ ಬಿಡದವರ ಹಾಗೆ ನಾನು ಕಾಣುತ್ತೇನೆಯೇ?’ ಎಂದು ಕೇಳಿದಳು. ಹಾಸನದಿಂದ ಎರಡು ಬಸ್ ಬದಲಿಸಿ ವಾರವಾರ ಬಂದವಳು ಅವಳು. ಯಾವ ತೀರ್ಮಾನಕ್ಕೂ ಅವಳನ್ನು ಯಾರೂ ಕೇಳಿರಲಿಲ್ಲ, ತೋಟದ ಪಾಲಿನ ಮಾತಿನಲ್ಲೂ ಅವಳ ಹೆಸರು ಬಂದಿರಲಿಲ್ಲ. ಕರ್ನಾಟಕದಲ್ಲಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ಕೊಟ್ಟ ತಿದ್ದುಪಡಿ ಬಂದದ್ದು 1994ರಲ್ಲಿ, ಕೇಂದ್ರದ ಕಾನೂನು ಬಂದದ್ದು 2005ರಲ್ಲಿ. ಆದರೂ ಅಣ್ಣತಮ್ಮಂದಿರ ಲೆಕ್ಕದಲ್ಲಿ ತೋಟ ಎರಡೇ ಪಾಲಾಗಿತ್ತು.

ಎಲ್ಲರೂ ಸುಮ್ಮನಾದ ಮೇಲೆ ತಾಯಿ ಮಾತನಾಡಿದರು. ‘ನೀನು ಬರುವುದಾದರೆ ಬಾ ಮಗ. ನನ್ನ ನೆಪ ಹೇಳಿಕೊಂಡು ಬರಬೇಡ. ನಾಳೆ ನಾನು ಹೋದರೆ ಇಲ್ಲಿರುವುದಕ್ಕೆ ನಿನ್ನ ಹತ್ತಿರ ಏನಿರುತ್ತದೆ? ಬೇಗ ಹೋಗಲಿಲ್ಲವೆಂದರೆ ನನ್ನ ಮೇಲೇ ಬೇಸರ ಬರುತ್ತದೆ.’

ಇಷ್ಟು ನೇರವಾಗಿ ಮಾತನಾಡುವ ಹಿರಿಯರು ಅಪರೂಪ. ಈ ಪ್ರಕರಣ ಇಂದು ಬರೆಯುವಂತೆ ಉಳಿದಿರುವುದಕ್ಕೆ ಆ ಮಾತೇ ಮೂಲ. ಮಗ, ಸೊಸೆ, ಮೊಮ್ಮಗಳು ಮೂವರೂ ಬೇರೆಬೇರೆಯಾಗಿ ಒಂದು ಕಾಗದ ಬರೆಯಬೇಕು ಎಂದು ನಾನು ಸೂಚಿಸಿದೆ. ‘ಅವ್ವ’ ಅಥವಾ ‘ಅಜ್ಜಿ’ ಎಂಬ ಪದ ಬಳಸದೆ, ಯಾಕೆ ಮರಳಬೇಕು ಅಥವಾ ಯಾಕೆ ಮರಳಬಾರದು ಎಂದು ಬರೆಯಬೇಕು. ಮಗ ಬರೆದದ್ದು ತೋಟದ ವಿಷಯ, ಮತ್ತು ಅಲ್ಲಿನ ಕಚೇರಿಯಲ್ಲಿ ಆರು ವರ್ಷವಾದರೂ ತಾನು ಮೇಲಿನ ಹುದ್ದೆಗೆ ಲೆಕ್ಕಕ್ಕೇ ಬಾರದ ಬೇಸರ. ಸೊಸೆಯ ಕಾಗದದಲ್ಲಿ ಹೆಚ್ಚಿನ ಭಾಗ ಮರಳಬಾರದು ಎಂಬುದಕ್ಕೇ ಇತ್ತು: ವಾರ್ಡಿನಲ್ಲಿ ತನ್ನ ಮಾತಿಗೆ ಬೆಲೆಯಿದೆ, ಅದನ್ನು ಕಳೆದುಕೊಳ್ಳಲು ಮನಸ್ಸಿಲ್ಲ. ಹತ್ತು ವರ್ಷದ ಹುಡುಗಿ, ‘ಇಲ್ಲಿ ನಮ್ಮ ಮನೆಗೆ ಯಾರೂ ಹೇಳದೆ ಬರುವುದಿಲ್ಲ’ ಎಂದು ಬರೆದಿದ್ದಳು. ಅದು ದೂರೋ ಮೆಚ್ಚುಗೆಯೋ ಎಂದು ಕೇಳಿದಾಗ ಎರಡೂ ಎಂದಳು.

ಕೂಡಲೇ ಮರಳುವ ಬದಲು ಮಗ ಸಂಬಳವಿಲ್ಲದ ರಜೆ ಹಾಕಿ 2022ರ ಡಿಸೆಂಬರ್‌ನಿಂದ ಒಂದು ಹಂಗಾಮು ಪೂರ್ತಿ ಒಬ್ಬನೇ ತೋಟದಲ್ಲಿ ಇರುವುದೆಂದು ನಿರ್ಧಾರವಾಯಿತು. ಯಾವ ಸಲಹೆಗಾರನೂ ಕಲಿಸಲಾರದ್ದನ್ನು ಆ ಹಂಗಾಮು ಕಲಿಸಿತು. ಹಣ್ಣು ಕೆಂಪಾಗಿ ನಿಂತಿದ್ದರೂ ಕುಯ್ಯಲು ಆಳಿಲ್ಲ. ಅಸ್ಸಾಮಿನಿಂದ ಬಂದ ಕುಟುಂಬಗಳು ಆಳುಗಳ ಲೈನ್ ಮನೆಗೆ ಇಳಿದ ವಾರದಲ್ಲೇ ಪಕ್ಕದ ಎಸ್ಟೇಟಿನವರು ಹೆಚ್ಚು ಕೂಲಿ ಹೇಳಿ ಕರೆದುಕೊಂಡು ಹೋದರು. ಆನೆ ಯಾವ ತೋಟದಲ್ಲಿದೆ ಎಂಬ ವಾಟ್ಸ್‌ಆ್ಯಪ್ ಸಂದೇಶ ನೋಡದೆ ಬೆಳಿಗ್ಗೆ ಯಾರೂ ಗಿಡದ ಕೆಳಗೆ ಇಳಿಯುವುದಿಲ್ಲ. ಕಣದಲ್ಲಿ ಹರವಿದ ಹಣ್ಣನ್ನು ದಿನಕ್ಕೆ ಹಲವು ಬಾರಿ ತಿರುವಬೇಕು, ಮೋಡ ಕವಿದರೆ ಟಾರ್ಪಾಲು ಹಿಡಿದು ಓಡಬೇಕು. ಲ್ಯಾಪ್‌ಟಾಪಿನಲ್ಲಿ ಅವನು ಮಾಡಿಟ್ಟಿದ್ದ ಆದಾಯದ ಅಂದಾಜು ಒಂದೇ ತಿಂಗಳಲ್ಲಿ ಉಪಯೋಗಕ್ಕೆ ಬಾರದಂತಾಯಿತು.

ಅವನು ಮರಳುವ ಯೋಚನೆ ಬಿಡುತ್ತಾನೆ ಎಂದು ಅಣ್ಣ ಭಾವಿಸಿದ್ದ. ಆದದ್ದು ಬೇರೆ. ತಾನು ಪೂರ್ಣ ಪ್ರಮಾಣದ ಬೆಳೆಗಾರನಾಗಲಾರೆ, ಆದರೆ ಈ ಜಿಲ್ಲೆಯಲ್ಲಿ ಬದುಕಬಲ್ಲೆ ಎಂಬುದು ಅವನಿಗೆ ಖಚಿತವಾಯಿತು. ಮನೆ ಹಾಸನದಲ್ಲಿ, ವಾರಕ್ಕೆ ಎರಡು ದಿನ ತೋಟ, ಉಳಿದ ದಿನ ತನ್ನ ಕಸುಬು. ಹಳೆಯ ಕಂಪನಿ ಗುತ್ತಿಗೆಯ ಮೇಲೆ ದೂರದಿಂದ ಕೆಲಸ ಮಾಡಲು ಒಪ್ಪಿತು. ಇಲ್ಲಿಗೂ ಇಂಗ್ಲೆಂಡಿಗೂ ಬೇಸಿಗೆಯಲ್ಲಿ ನಾಲ್ಕೂವರೆ ಗಂಟೆ, ಚಳಿಗಾಲದಲ್ಲಿ ಐದೂವರೆ ಗಂಟೆ ವ್ಯತ್ಯಾಸ. ಬೆಳಗಿನ ಹೊತ್ತು ಬಿಡುವು ಸಿಗುತ್ತದೆ.

ಪಾಸ್‌ಪೋರ್ಟ್ ಪ್ರಶ್ನೆ

ಈ ಹಂತದ ಅತ್ಯಂತ ಗಂಭೀರ ತೀರ್ಮಾನ ಪೌರತ್ವದ್ದು. ಅರ್ಜಿ ಹಾಕಿದರೆ ಒಂದು ವರ್ಷದೊಳಗೆ ಬ್ರಿಟಿಷ್ ಪಾಸ್‌ಪೋರ್ಟ್ ಕೈಗೆ ಬರುವ ಸಾಧ್ಯತೆ ಇತ್ತು. ನೆಂಟರೆಲ್ಲ ಅದನ್ನು ಪಡೆದೇ ಬನ್ನಿ ಎಂದರು. ಆದರೆ ಭಾರತದ 1955ರ ಪೌರತ್ವ ಕಾಯಿದೆಯ ಪ್ರಕಾರ ಬೇರೆ ದೇಶದ ಪೌರತ್ವ ಪಡೆದ ಕ್ಷಣದಲ್ಲಿ ಭಾರತದ ಪೌರತ್ವ ಹೋಗುತ್ತದೆ. ಆಮೇಲೆ ಸಿಗುವುದು, ಬೇರೆ ದೇಶದ ಪೌರರಾದ ಭಾರತೀಯ ಮೂಲದವರಿಗೆ ಕೊಡುವ ಓಸಿಐ ಕಾರ್ಡ್. ಅದರಲ್ಲಿ ಜೀವನಪರ್ಯಂತ ಬಂದುಹೋಗಬಹುದು, ಇಲ್ಲೇ ಇರಬಹುದು. ಮತ ಹಾಕುವಂತಿಲ್ಲ; ಕೃಷಿ ಜಮೀನು, ತೋಟ, ತೋಟದ ಮನೆ ಕೊಳ್ಳುವಂತಿಲ್ಲ. ವಾರಸುದಾರಿಕೆಯಿಂದ ಬಂದದ್ದನ್ನು ಇಟ್ಟುಕೊಳ್ಳಬಹುದು ಅಷ್ಟೇ.

ಅಣ್ಣ ತನ್ನ ಪಾಲು ಮಾರುವ ಮಾತಾಡುತ್ತಿದ್ದ. ಹೋಂಸ್ಟೇ ಕಟ್ಟುವವರು ಆಗಲೇ ಬಂದು ಜಾಗ ನೋಡಿಕೊಂಡು ಹೋಗಿದ್ದರು. ತಮ್ಮ ಅದನ್ನು ತಾನೇ ಕೊಳ್ಳಬೇಕೆಂದರೆ ಭಾರತದ ಪೌರನಾಗಿ ಇಲ್ಲಿನ ನಿವಾಸಿಯಾಗಿರಬೇಕು. ಭಾರತದ ಪಾಸ್‌ಪೋರ್ಟ್ ಇದ್ದರೂ ಹೊರಗೆ ನೆಲೆಸಿದ್ದಾಗ ತೋಟ ಕೊಳ್ಳಲು ವಿದೇಶಿ ವಿನಿಮಯದ ನಿಯಮ ಬಿಡುವುದಿಲ್ಲ ಎಂಬುದು ಅವನಿಗೆ ಆವರೆಗೆ ತಿಳಿದಿರಲಿಲ್ಲ.

ಮಗಳ ಓದೂ ಇದಕ್ಕೆ ತಗಲಿಕೊಂಡಿತ್ತು. 2021ರ ಮಾರ್ಚ್‌ನ ಕೇಂದ್ರ ಅಧಿಸೂಚನೆಯಂತೆ ನೀಟ್, ಜೆಇಇಯಂತಹ ಪ್ರವೇಶಗಳಲ್ಲಿ ಓಸಿಐ ಮಕ್ಕಳಿಗೆ ಅನಿವಾಸಿಗಳ ಸೀಟು ಮಾತ್ರ. ಜೊತೆಗೆ, ರಾಜ್ಯದ ಸಿಇಟಿಗೆ ಕರ್ನಾಟಕದಲ್ಲಿ ಏಳು ವರ್ಷ ಓದಿರಬೇಕು, ಹಾಗಾಗಿ ಆರನೆಯ ತರಗತಿಗೇ ಬಂದು ಸೇರಲೇಬೇಕು ಎಂದು ಯಾರೋ ಹೆದರಿಸಿದ್ದರು. ಏಳು ವರ್ಷದ ನಿಯಮ ಇರುವುದು ನಿಜ. ಆದರೆ ತಂದೆ ಅಥವಾ ತಾಯಿ ಕರ್ನಾಟಕದಲ್ಲಿ ಓದಿದವರಾಗಿದ್ದರೆ ಬೇರೆ ಕಲಮುಗಳೂ ಇವೆ. ಆ ಗಡುವು ಅವರು ಅಂದುಕೊಂಡಷ್ಟು ಕಟ್ಟುನಿಟ್ಟಾಗಿರಲಿಲ್ಲ. ಹುಡುಗಿ ಕನ್ನಡ ಓದಲು ಬರೆಯಲು ಕಲಿಯುವುದು ತಡವಾದಷ್ಟೂ ಕಷ್ಟ ಎಂಬುದು ಮಾತ್ರ ನಿಜವಾದ ಅವಸರ.

ಗಂಡ ಹೆಂಡತಿ ಪೌರತ್ವದ ಅರ್ಜಿ ಹಾಕಲಿಲ್ಲ. ನೆಲೆಸುವ ಅನುಮತಿಯನ್ನು ಹಾಗೆಯೇ ಇಟ್ಟುಕೊಂಡು 2023ರ ಮೇ ತಿಂಗಳಲ್ಲಿ ಹೊರಟುಬಂದರು. ನಿರಂತರವಾಗಿ ಎರಡು ವರ್ಷ ಬ್ರಿಟನ್ನಿನ ಹೊರಗಿದ್ದರೆ ಆ ಅನುಮತಿ ರದ್ದಾಗುತ್ತದೆ. ಆ ಎರಡು ವರ್ಷವನ್ನೇ ಪರೀಕ್ಷೆಯ ಅವಧಿಯೆಂದು ಸೊಸೆ ಷರತ್ತು ಹಾಕಿದಳು. 2025ರ ಮೇ ಒಳಗೆ ತನಗೆ ಇಲ್ಲಿ ಆಗುವುದಿಲ್ಲವೆಂದರೆ ಎಲ್ಲರೂ ಹಿಂದಿರುಗಬೇಕು, ಯಾರೂ ಪ್ರಶ್ನಿಸಬಾರದು. ಗಂಡ ಒಪ್ಪಿದ.

ಬಂದ ಮೇಲೆ

ಹಣದ ವಿಷಯ ಸುಲಭವಾಗಿ ಮುಗಿಯಿತು. ಅನಿವಾಸಿ ಖಾತೆಗಳನ್ನು ನಿವಾಸಿ ಖಾತೆಗಳಾಗಿ ಬದಲಿಸಿದರು. ದೀರ್ಘಕಾಲ ಹೊರಗಿದ್ದು ಬಂದವರನ್ನು ಆದಾಯ ತೆರಿಗೆ ಇಲಾಖೆ ಕೆಲವು ವರ್ಷ ಪೂರ್ಣ ನಿವಾಸಿಗಳೆಂದು ಪರಿಗಣಿಸುವುದಿಲ್ಲ. ಇಂಗ್ಲೆಂಡಿನ ಮನೆಯ ಬಾಡಿಗೆಗೆ ಆ ಅವಧಿಯಲ್ಲಿ ಇಲ್ಲಿ ತೆರಿಗೆ ಬೀಳಲಿಲ್ಲ. ಪಿಂಚಣಿಗೆ ಕೊರತೆಯಿದ್ದ ವರ್ಷಗಳ ವಂತಿಗೆಯನ್ನು ಇಲ್ಲಿಂದಲೇ ಸ್ವಇಚ್ಛೆಯಿಂದ ಕಟ್ಟಲು ಅವಕಾಶವಿತ್ತು. ‘ಇನ್ನೊಂದು ವರ್ಷ’ ಎಂದು ತಡೆದು ನಿಲ್ಲಿಸಿದ್ದ ಕಾರಣಗಳಲ್ಲಿ ಒಂದು ಹೀಗೆ ಕಾಗದದ ಮೇಲೇ ಕರಗಿಹೋಯಿತು.

ಹುಡುಗಿಗೆ ಮಾತಿನ ಕನ್ನಡ ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. ಅಜ್ಜಿಯ ಪಕ್ಕ ಕುಳಿತು ಕಲಿತಳು. ಶಾಲೆಯಲ್ಲಿ ಕಷ್ಟವಾದದ್ದು ಬೇರೆ ಕಡೆ. ಪಾಠದ ನಡುವೆ ‘ಅದು ಹೇಗೆ?’ ಎಂದು ಕೇಳಿದರೆ ಎದುರು ಮಾತನಾಡುತ್ತಾಳೆ ಎಂದು ಮನೆಗೆ ದೂರು ಬರುತ್ತಿತ್ತು. ಅತ್ತೆ ಶಿಕ್ಷಕಿಯಾಗಿದ್ದದ್ದು ಇಲ್ಲಿ ನೆರವಾಯಿತು. ಯಾವ ಪ್ರಶ್ನೆಯನ್ನು ತರಗತಿಯಲ್ಲಿ ಕೇಳಬೇಕು, ಯಾವುದನ್ನು ಆಮೇಲೆ ಹೋಗಿ ಕೇಳಬೇಕು ಎಂದು ಅವಳು ಹೇಳಿಕೊಟ್ಟಳು. ಪ್ರಶ್ನೆ ಕೇಳುವ ಮಗುವೊಂದು ಹೀಗೆ ಕಾಲ ನೋಡಿ ಬಾಯಿ ತೆರೆಯುವುದನ್ನು ಕಲಿಯಬೇಕಾಗಿ ಬಂದದ್ದು ನನಗೆ ಇಂದಿಗೂ ನೋವಿನ ವಿಷಯ.

ಹೆಚ್ಚು ಪೆಟ್ಟು ತಿಂದವಳು ಸೊಸೆ. ಹಾಸನದ ಒಂದು ಖಾಸಗಿ ಆಸ್ಪತ್ರೆಗೆ ಸೇರಿದಳು. ಸಂಬಳ ಕಡಿಮೆಯೆಂಬುದು ಮೊದಲೇ ಗೊತ್ತಿತ್ತು, ಅದಕ್ಕೆ ಸಿದ್ಧಳಾಗಿಯೇ ಬಂದಿದ್ದಳು. ಒಂದು ರಾತ್ರಿ ಪಾಳಿಯಲ್ಲಿ ಮೂತ್ರಪಿಂಡದ ತೊಂದರೆಯಿದ್ದ ರೋಗಿಯ ಚೀಟಿಯಲ್ಲಿ, ಅಂಥವರಿಗೆ ಹಾನಿ ಮಾಡಬಲ್ಲ ನೋವಿನ ಮಾತ್ರೆ ಬರೆದಿರುವುದನ್ನು ಕಂಡು ವೈದ್ಯರಿಗೆ ಫೋನ್ ಮಾಡಿದಳು. ‘ಬರೆದದ್ದನ್ನು ಕೊಡಿ ಸಿಸ್ಟರ್’ ಎಂದರು. ಇಂಗ್ಲೆಂಡಿನಲ್ಲಿ ಅದೇ ಫೋನ್ ಮಾಡದಿದ್ದರೆ ಅವಳ ನೋಂದಣಿಗೇ ಕುತ್ತು ಬರಬಹುದಿತ್ತು. ಅವಳು ಮಾತ್ರೆ ಕೊಡಲಿಲ್ಲ. ಬೆಳಿಗ್ಗೆ ಹಿರಿಯ ವೈದ್ಯರು ನೋಡಿ ಔಷಧ ಬದಲಿಸಿದರು. ಅವಳಿಗೆ ಮೆಚ್ಚುಗೆಯೂ ಬರಲಿಲ್ಲ, ಬೈಗುಳವೂ ಬರಲಿಲ್ಲ. ಕೆಲವು ತಿಂಗಳ ನಂತರ ಆ ಕೆಲಸ ಬಿಟ್ಟಳು. ನರ್ಸಿಂಗ್ ಕಾಲೇಜೊಂದರಲ್ಲಿ ಕಲಿಸಲು ಸೇರಿದ ಮೇಲೆ, ತನ್ನ ವಿದ್ಯಾರ್ಥಿನಿಯರು ಅಂಥ ಫೋನ್ ಮಾಡುವುದನ್ನು ಕಲಿಯಬೇಕು ಎಂಬ ಹಟ ಅವಳನ್ನು ನಿಲ್ಲಿಸಿತು.

ತಾಯಿ 2024ರ ಜುಲೈನಲ್ಲಿ ತೀರಿಕೊಂಡರು. ಕೊನೆಯ ಹದಿನಾಲ್ಕು ತಿಂಗಳು ಮಗ, ಸೊಸೆ, ಮೊಮ್ಮಗಳು, ಮಗಳು ಎಲ್ಲರೂ ಕೈಗೆಟುಕುವಷ್ಟು ಹತ್ತಿರ ಇದ್ದರು. ತಾಯಿ ಊರು ಬಿಟ್ಟು ಹಾಸನಕ್ಕೆ ಬರಲು ಕೊನೆಯವರೆಗೂ ಒಪ್ಪಲಿಲ್ಲ, ಮಕ್ಕಳೇ ಸರದಿಯ ಮೇಲೆ ಹೋಗಿ ಉಳಿಯುತ್ತಿದ್ದರು.

ಈಗ ತಾಯಿ ಹೇಳಿದ ಪ್ರಶ್ನೆ ಎದುರಿಗೆ ಬಂತು. ಗಡುವಿಗೆ ಹತ್ತು ತಿಂಗಳು ಬಾಕಿ. ಅದೇ ಹಂಗಾಮಿನಲ್ಲಿ ಕಾಫಿಯ ದರ ಹಿಂದೆಂದೂ ಕಾಣದ ಎತ್ತರಕ್ಕೆ ಏರಿತು. ಮಾರುತ್ತೇನೆ ಎನ್ನುತ್ತಿದ್ದ ಅಣ್ಣ ಮಾತು ಬದಲಿಸಿದ. ತಮ್ಮನಿಗೆ ಪೂರ್ಣಾವಧಿ ತೋಟಕ್ಕೇ ಇಳಿಯುವ ಆಸೆ ಹುಟ್ಟಿತು. ಹೆಂಡತಿ ಅವನ ಮುಂದೆ ಅವನದೇ ಹಳೆಯ ಟಿಪ್ಪಣಿಯನ್ನು ಇಟ್ಟಳು. ಒಂದು ವರ್ಷದ ದರ ನೋಡಿ ಬದುಕು ಕಟ್ಟುವುದಿಲ್ಲ ಎಂದು ಹಂಗಾಮು ಮುಗಿಸಿದ ದಿನ ಅವನೇ ಬರೆದುಕೊಂಡಿದ್ದ.

ಹಿಂದಿರುಗುವುದೋ ಬೇಡವೋ ಎಂಬ ತೀರ್ಮಾನ ಷರತ್ತಿನಂತೆ ಸೊಸೆಯದಾಗಿತ್ತು. ನರ್ಸ್ ಆಗಿ ಅಲ್ಲಿನ ನೋಂದಣಿ ಉಳಿಸಿಕೊಳ್ಳಲು ಮೂರು ವರ್ಷಕ್ಕೆ 450 ಗಂಟೆಗಳ ಕೆಲಸ ತೋರಿಸಬೇಕು ಎಂಬುದನ್ನೂ ಅವಳು ಲೆಕ್ಕಕ್ಕೆ ತೆಗೆದುಕೊಂಡಳು. ಮಗಳನ್ನು ಕೇಳಿದಳು. ನನ್ನ ಹತ್ತಿರವೂ ಮಾತನಾಡಿದಳು. ನಾನು ಯಾವ ಕಡೆಗೂ ತೂಗಲಿಲ್ಲ. 2025ರ ಮೇ ಬಂದು ಹೋಯಿತು. ಅವರು ವಿಮಾನ ಹತ್ತಲಿಲ್ಲ.

ಈ ಪ್ರಕರಣದಿಂದ ತಿಳಿಯುವುದು

ಮರಳುವ ತೀರ್ಮಾನ ಒಂದೇ ಎಂದು ನಾವು ಮಾತನಾಡುತ್ತೇವೆ. ಈ ಮನೆಯಲ್ಲಿ ಅದು ಎರಡಾಗಿತ್ತು: ಬರುವ ತೀರ್ಮಾನ, ಉಳಿಯುವ ತೀರ್ಮಾನ. ಬರುವುದಕ್ಕೆ ತಾಯಿಯ ಸೊಂಟದ ಮೂಳೆ ಸಾಕಾಯಿತು. ಉಳಿಯುವುದಕ್ಕೆ ಮಗನ ಹಂಗಾಮು, ಸೊಸೆಯ ತರಗತಿ, ಹುಡುಗಿಗೆ ಸಿಕ್ಕ ಗೆಳತಿಯರು ಬೇಕಾದರು. ಹಿರಿಯರ ಆರೋಗ್ಯವನ್ನೇ ಏಕೈಕ ಕಾರಣ ಮಾಡಿಕೊಂಡು ಬಂದ ಕುಟುಂಬಗಳು ಆ ಹಿರಿಯರು ತೀರಿಕೊಂಡ ವರ್ಷದೊಳಗೆ ದಿಕ್ಕುಗೆಡುವುದನ್ನು ನಾನು ಬೇರೆ ಕಡೆ ಕಂಡಿದ್ದೇನೆ.

ಮರಳಲು ಯೋಚಿಸುವವರು ತಮ್ಮ ಎಲ್ಲ ಗಡುವುಗಳನ್ನೂ ಒಂದು ಹಾಳೆಯಲ್ಲಿ ಬರೆದು, ಪ್ರತಿಯೊಂದರ ಪಕ್ಕ ‘ಕಳೆದುಕೊಂಡರೆ ಮತ್ತೆ ಸಿಗುತ್ತದೆಯೇ’ ಎಂದು ಗುರುತು ಹಾಕಬೇಕು ಎಂಬುದು ನನ್ನ ಒತ್ತಾಯ. ಪಿಂಚಣಿಯ ವರ್ಷವನ್ನು ಆಗ ದೂರದಿಂದಲೂ ತುಂಬಬಹುದಿತ್ತು. ಸಿಇಟಿಗೆ ಬೇರೆ ದಾರಿಯಿದೆ. ಬಿಟ್ಟ ಪೌರತ್ವವನ್ನು ಮರಳಿ ಪಡೆಯುವುದು ಬಹಳ ದೀರ್ಘವಾದ ಹಾದಿ. ಎಪ್ಪತ್ತೈದು ದಾಟಿದ ತಾಯಿಯ ಜೊತೆಗಿನ ಒಂದು ವರ್ಷಕ್ಕೆ ಯಾವ ಪರ್ಯಾಯವೂ ಇಲ್ಲ. ಹೀಗೆ ಗುರುತು ಹಾಕಿದ ದಿನವೇ ಈ ಕುಟುಂಬದ ‘ಇನ್ನೊಂದು ವರ್ಷ’ ನಿಂತದ್ದು.

ಹಿಂದಿರುಗುವ ಬಾಗಿಲನ್ನು ಸ್ವಲ್ಪ ಕಾಲ ತೆರೆದಿಟ್ಟದ್ದು ಸೊಸೆಗೆ ಧೈರ್ಯ ಕೊಟ್ಟಿತು. ಹೆಂಡತಿಯ ಕಸುಬಿನ ಮೇಲೆ ಹೋದ ಕುಟುಂಬ, ಗಂಡನ ಊರಿನ ಕರೆಗೆ ಮರಳುವಾಗ ಅವಳಿಗೆ ಇಂಥ ಷರತ್ತು ಹಾಕುವ ಹಕ್ಕಿರಬೇಕು. ಅದು ಬರಿಯ ಮಾತಾಗದೆ ದಿನಾಂಕ ಸಹಿತ ಇರಬೇಕು. ಈ ಮನೆಯಲ್ಲಿ ಅದು ಬಾಯಿಮಾತಿನ ಒಪ್ಪಂದವಾಗಿತ್ತು, ಆದರೂ ನಡೆಯಿತು. ಎಲ್ಲ ಮನೆಗಳಲ್ಲೂ ನಡೆಯುತ್ತದೆಂದು ನಾನು ಹೇಳಲಾರೆ.

ಊರಿನಲ್ಲಿ ಉಳಿದವರ ವಿಷಯ ಇನ್ನೊಂದು. ಮರಳಿ ಬರುವವರ ತ್ಯಾಗ ಎಲ್ಲರ ಕಣ್ಣಿಗೆ ಬೀಳುತ್ತದೆ, ಅಲ್ಲೇ ಇದ್ದು ನೋಡಿಕೊಂಡವರ ದುಡಿಮೆ ಬೀಳುವುದಿಲ್ಲ. ಅಕ್ಕ ಅಂದು ಜಗಲಿಯಲ್ಲಿ ಬಾಯಿ ಬಿಡದಿದ್ದರೆ ತಮ್ಮನ ಮರಳುವಿಕೆ ಅವಳಿಗೆ ಅವಮಾನವಾಗಿಯೇ ಉಳಿಯುತ್ತಿತ್ತು. ತಾಯಿ ಇರುವಾಗಲೇ ಪೌತಿ ಖಾತೆಗೆ ಅರ್ಜಿ ಹೋಯಿತು. ಈಗ ಪಹಣಿಯಲ್ಲಿ ಮೂವರು ಮಕ್ಕಳ ಹೆಸರೂ ಜಂಟಿಯಾಗಿ ಇದೆ. ವಿಭಾಗ ಪತ್ರ ಇನ್ನೂ ಆಗಿಲ್ಲ. ಮೇಲಿನ ಅರೇಬಿಕಾ ತಾಕು ಯಾರಿಗೆ ಎಂಬಲ್ಲಿ ಅಣ್ಣನ ಮಾತು ನಿಂತಿದೆ, ಅಕ್ಕ ಅದನ್ನು ತನಗೇ ಬೇಕು ಎಂದಿದ್ದಾಳೆ.